ಧಾತುವಿಗೊಂದು ಪದವಿ, ಮಾತಿಗೊಂದು ಪದವಿ

ಕಾಲೇಜುಗಳಿಗೆ ಅರ್ಜಿ ಹಾಕುವ ದಿನಗಳಲ್ಲಿ ಒಂದು ಸಂಜೆ ನಮ್ಮ ಬೀದಿಯ ಪರಿಚಿತರೊಬ್ಬರು ಮಗಳನ್ನು ಕರೆದುಕೊಂಡು ಮನೆಗೆ ಬಂದರು. ಹುಡುಗಿ ಪಿ.ಯು.ಸಿ. ಮುಗಿಸಿದ್ದಾಳೆ, ಸಂಗೀತದಲ್ಲಿ ಸೀನಿಯರ್ ಪರೀಕ್ಷೆಯೂ ಆಗಿದೆ. ಕನ್ನಡ, ಇತಿಹಾಸಗಳನ್ನು ತೆಗೆದುಕೊಂಡು ಬಿ.ಎ. ಓದಬೇಕು, ಅದರ ಜೊತೆಯಲ್ಲಿಯೇ ಸಂಗೀತದ ಪದವಿಯನ್ನೂ ಪಡೆಯಬೇಕು ಎಂದು ಅವಳ ಹಠ. "ಒಂದು ಹೊಟ್ಟೆಗೆ, ಇನ್ನೊಂದು ಮನಸ್ಸಿಗೆ ಅಂದಿದ್ದರೆ ನಾನೂ ಒಪ್ಪುತ್ತಿದ್ದೆ, ಮೇಷ್ಟ್ರೇ. ಇವಳು ಹಿಡಿದಿರೋದು ಎರಡೂ ಹೊಟ್ಟೆಗಲ್ಲ" ಎಂದು ತಂದೆ ನಕ್ಕರು. ನಗೆಯ ಹಿಂದೆ ಆತಂಕವಿತ್ತು. ಹುಡುಗಿ ನಗಲಿಲ್ಲ. ಎರಡನ್ನೂ ಒಟ್ಟಿಗೆ ಓದುವುದು ಒಳ್ಳೆಯದೇ, ಕೆಟ್ಟದೇ ಎಂಬ ಅವರ ಪ್ರಶ್ನೆಗೆ ಆ ಸಂಜೆ ನನ್ನಲ್ಲಿ ಸಿದ್ಧವಾದ ಉತ್ತರವಿರಲಿಲ್ಲ. ಉತ್ತರವನ್ನು ಹುಡುಕುತ್ತ ಹೋದಾಗ ಹೊಳೆದ ಕೆಲವು ವಿಚಾರಗಳನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಹಿಂದೆ ಇಂಥ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಏಕಕಾಲದಲ್ಲಿ ಎರಡು ಪೂರ್ಣ ಪದವಿಗಳಿಗೆ ಓದುವುದು ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಸಾಮಾನ್ಯವಾಗಿ ನಿಷಿದ್ಧವಾಗಿತ್ತು. ಬಿ.ಎ. ತರಗತಿಯಲ್ಲಿ ಸಂಗೀತವನ್ನು ಮೂರು ಐಚ್ಛಿಕ ವಿಷಯಗಳಲ್ಲಿ ಒಂದಾಗಿ ತೆಗೆದುಕೊಳ್ಳುವ ಅವಕಾಶವು ಕೆಲವು ಕಾಲೇಜುಗಳಲ್ಲಿ ಇತ್ತು, ಈಗಲೂ ಇದೆ. ಆದರೆ ೨೦೨೨ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಹೊಸ ಮಾರ್ಗಸೂಚಿಯೊಂದನ್ನು ಹೊರಡಿಸಿತು. ವಿದ್ಯಾರ್ಥಿಯೊಬ್ಬನು ಎರಡು ಪದವಿಗಳಿಗೆ ಒಟ್ಟಿಗೆ ಓದಬಹುದು. ಎರಡಕ್ಕೂ ಖುದ್ದಾಗಿ ತರಗತಿಗೆ ಹೋಗುವುದಾದರೆ ಒಂದರ ವೇಳೆ ಇನ್ನೊಂದರ ವೇಳೆಗೆ ಅಡ್ಡ ಬರಬಾರದು ಎಂಬುದು ಅದರ ಸಾರಾಂಶ. ಪಿಎಚ್.ಡಿ.ಗೆ ಈ ಸೌಲಭ್ಯವಿಲ್ಲ. ಇದನ್ನು ಅಳವಡಿಸಿಕೊಳ್ಳುವ ಬಗೆಯನ್ನು ಆಯಾ ವಿಶ್ವವಿದ್ಯಾನಿಲಯಗಳ ವಿವೇಚನೆಗೆ ಬಿಟ್ಟಿದೆ.

ಬಾಗಿಲು ತೆರೆದುದು ಒಳ್ಳೆಯದೇ. ಆದರೆ ನಿಯಮದ ಗಮನವೆಲ್ಲ ಗಡಿಯಾರದ ಮೇಲಿದೆ ಎಂಬುದನ್ನು ಹೇಳದೆ ವಿಧಿಯಿಲ್ಲ. ಎರಡು ವಿದ್ಯೆಗಳ ವೇಳೆ ಒಂದಕ್ಕೊಂದು ತಾಗಬಾರದು ಎಂದು ಅದು ಎಚ್ಚರ ವಹಿಸಿದೆ. ವಿದ್ಯೆಗಳು ಎಲ್ಲಿಯಾದರೂ ಒಂದಕ್ಕೊಂದು ತಾಗಬೇಕು ಎಂಬ ಯೋಚನೆ ಅದರಲ್ಲಿಲ್ಲ. ಬೆಳಗ್ಗೆ ಒಂದು ಕಟ್ಟಡ, ಮಧ್ಯಾಹ್ನ ಇನ್ನೊಂದು ಕಟ್ಟಡ, ಕೊನೆಯಲ್ಲಿ ಎರಡು ಕಾಗದ. ಲಾಭವೆಂದರೆ ಇಷ್ಟೇ ಆದರೆ ಆ ಹುಡುಗಿಯ ತಂದೆಯ ಆತಂಕ ಸಕಾರಣವಾದುದೇ.

ಈ ಕಲ್ಪನೆ ನಮಗೆ ಬಂದುದು ಪಶ್ಚಿಮದಿಂದ. ಅಲ್ಲಿ ಇದರ ಅಗತ್ಯ ಹುಟ್ಟಿದ ಬಗೆಯನ್ನು ಸ್ವಲ್ಪ ನೋಡಬೇಕು. ಯುರೋಪಿನ ಮಧ್ಯಯುಗದ ವಿದ್ಯಾಕ್ರಮದಲ್ಲಿ ಸಂಗೀತಕ್ಕೆ ಗೌರವದ ಸ್ಥಾನವಿತ್ತು. ಅಂಕಗಣಿತ, ರೇಖಾಗಣಿತ, ಖಗೋಳಗಳ ಜೊತೆಗೆ ಅದು ನಾಲ್ಕನೆಯ ಶಾಸ್ತ್ರ. ಆದರೆ ಆ ಸಂಗೀತವನ್ನು ಹಾಡಬೇಕಾಗಿರಲಿಲ್ಲ. ತಂತಿಯ ಉದ್ದಗಳ ಪ್ರಮಾಣ, ಸ್ವರಾಂತರಗಳ ಲೆಕ್ಕ, ಅವುಗಳ ಮೂಲಕ ಜಗತ್ತಿನ ಸಾಮರಸ್ಯದ ಚಿಂತನೆ, ಇದೇ ಅದರ ವಸ್ತು. ಆರನೆಯ ಶತಮಾನದ ಆದಿಯಲ್ಲಿ ಬರೆದ ಬೊಯೆಥಿಯಸ್ ಎಂಬ ಪಂಡಿತನು ಸಂಗೀತಕ್ಕೆ ಸಂಬಂಧಪಟ್ಟವರನ್ನು ಮೂರು ವರ್ಗ ಮಾಡಿದ್ದಾನೆ: ವಾದ್ಯ ನುಡಿಸುವವರು, ಗೀತ ರಚಿಸುವವರು, ಇವೆರಡನ್ನೂ ತೂಗಿ ನೋಡಿ ತೀರ್ಪು ಕೊಡುವವರು. ಸಂಗೀತಗಾರನೆಂಬ ಹೆಸರಿಗೆ ನಿಜವಾಗಿ ಅರ್ಹನಾದವನು ಈ ಮೂರನೆಯವನು. ನುಡಿಸುವವನು ಅವನ ಕಣ್ಣಿನಲ್ಲಿ ಆಳಿಗೆ ಸಮಾನ. ಮುಂದೆ ೧೭೯೫ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಕನ್ಸರ್ವೇಟರಿ ಮತ್ತು ಅದರ ಮಾದರಿಯಲ್ಲಿ ಊರೂರಿನಲ್ಲಿ ಎದ್ದ ಶಾಲೆಗಳು ಕಂಠಕ್ಕೂ ಬೆರಳಿಗೂ ಕಠಿಣವಾದ ಶಿಕ್ಷಣ ಕೊಟ್ಟವು. ತಲೆ ಒಂದು ಕಡೆ, ಕೈ ಒಂದು ಕಡೆ ಆಯಿತು. ತಾನೇ ಸೀಳಿದ್ದನ್ನು ಹೊಲಿಯಲು ಪಶ್ಚಿಮ ಕಂಡುಕೊಂಡ ಉಪಾಯಗಳಲ್ಲಿ ಜೋಡಿ ಪದವಿಯೂ ಒಂದು.

ಇದಕ್ಕೆ ಪ್ರಸಿದ್ಧವಾದ ನಿದರ್ಶನ ಅಮೆರಿಕದ ಒಹಾಯೋ ಸಂಸ್ಥಾನದ ಓಬರ್ಲಿನ್. ಅಲ್ಲಿ ಕಲೆ, ವಿಜ್ಞಾನಗಳ ಕಾಲೇಜೂ ೧೮೬೫ರಲ್ಲಿ ಸ್ಥಾಪನೆಯಾದ ಸಂಗೀತ ಕನ್ಸರ್ವೇಟರಿಯೂ ಒಂದೇ ಊರಿನಲ್ಲಿ, ಒಂದೇ ಸಂಸ್ಥೆಯ ಆಶ್ರಯದಲ್ಲಿ ಇವೆ. ಎರಡೂ ಪದವಿಗಳನ್ನು ಬಯಸುವ ವಿದ್ಯಾರ್ಥಿ ಎರಡು ಕಡೆಯೂ ಪ್ರವೇಶ ಗಳಿಸಬೇಕು. ಅವನ ವ್ಯಾಸಂಗಕ್ಕೆ ಗೊತ್ತುಮಾಡಿರುವ ಅವಧಿ ಐದು ವರ್ಷ. ಒಂದೇ ಪದವಿಗೆ ಅಲ್ಲಿ ನಾಲ್ಕು ವರ್ಷ ಬೇಕು. ಈ ಐದನೆಯ ವರ್ಷದಲ್ಲಿ ದೊಡ್ಡ ವಿವೇಕವಿದೆ. ಸಾಧನೆಗೆ ಕಾಲ ಬೇಕು, ಓದಿಗೂ ಕಾಲ ಬೇಕು, ಒಂದರ ಕಾಲವನ್ನು ಕದ್ದು ಇನ್ನೊಂದಕ್ಕೆ ಕೊಡಲಾಗದು ಎಂದು ಒಪ್ಪಿಕೊಂಡವರು ಮಾಡಿದ ಏರ್ಪಾಡು ಅದು. ನಮ್ಮ ನಿಯಮವಾದರೋ ಅದೇ ಮೂರು ವರ್ಷಗಳಲ್ಲಿ ಎರಡನ್ನೂ ಮುಗಿಸಲು ಬಿಡುತ್ತದೆ. ನಾವು ಕಲ್ಪನೆಯನ್ನು ತಂದೆವು. ಅದರ ಬೆಲೆಯನ್ನು ತರಲು ಮರೆತೆವು.

ಎರಡು ವಿದ್ಯೆಗಳು ಒಬ್ಬನಲ್ಲಿ ನಿಜವಾಗಿ ಕೂಡಿದರೆ ಏನಾಗುತ್ತದೆ? ಪಶ್ಚಿಮದಿಂದಲೇ ಒಂದು ಉದಾಹರಣೆ ಕೊಡಬಹುದು. ಪಿಯಾನೋ ವಾದಕ ಚಾರ್ಲ್ಸ್ ರೋಸೆನ್ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದಲ್ಲಿ ಫ್ರೆಂಚ್ ಸಾಹಿತ್ಯಕ್ಕಾಗಿ ಡಾಕ್ಟರೇಟ್ ಪಡೆದುದು ೧೯೫೧ರಲ್ಲಿ. ನ್ಯೂಯಾರ್ಕಿನಲ್ಲಿ ಮೊದಲ ಕಚೇರಿ ಮಾಡಿದ್ದೂ ಅದೇ ವರ್ಷ. ಇಪ್ಪತ್ತು ವರ್ಷಗಳ ಅನಂತರ, ೧೯೭೧ರಲ್ಲಿ, ಹೇಡನ್, ಮೊಜಾರ್ಟ್, ಬೇತೊವೆನ್ ಈ ಮೂವರ ಶೈಲಿಯನ್ನು ಕುರಿತ ಅವನ ಗ್ರಂಥ ಹೊರಬಂತು. ಸೊನಾಟ ರೂಪವೆಂದರೆ ಇಷ್ಟು ಭಾಗ, ಈ ಕ್ರಮ ಎಂದು ಪಠ್ಯಪುಸ್ತಕಗಳು ಹೇಳಿಕೊಡುತ್ತಿದ್ದ ಅಚ್ಚನ್ನು ರೋಸೆನ್ ಅಲ್ಲಿ ಒಪ್ಪುವುದಿಲ್ಲ. ಆ ಸಂಗೀತದ ಚಲನೆ, ತಡೆ, ತಿರುವುಗಳನ್ನು ಅವನು ನಾಟಕದ ಚಲನೆಯಂತೆ ಗ್ರಹಿಸುತ್ತಾನೆ. ಆ ಕಾಲದ ಹಾಸ್ಯ ಗೇಯನಾಟಕದ ನಡಿಗೆಗೂ ಅದಕ್ಕೂ ಇರುವ ನಂಟನ್ನು ತೋರಿಸುತ್ತಾನೆ. ಒಳ್ಳೆಯ ಸಾಹಿತ್ಯ ವಿಮರ್ಶಕನೊಬ್ಬ ಕಾವ್ಯವನ್ನು ಓದುವ ರೀತಿ ಅದು. ಆದರೆ ಬೆರಳಿನಿಂದ ಆ ಸ್ವರಗಳನ್ನು ಒತ್ತಿ ತಿಳಿಯದವನಿಗೆ ಅದನ್ನು ಬರೆಯುವುದು ಸಾಧ್ಯವಿರಲಿಲ್ಲ. ಡಾಕ್ಟರೇಟ್ ಒಂದರ ಮೇಲೆ, ಗ್ರಂಥ ಇನ್ನೊಂದರ ಮೇಲೆ. ಒಂದು ವಿದ್ಯೆ ಇನ್ನೊಂದರ ಒಳಗೆ ಹೋಗಿ ಕೆಲಸ ಮಾಡಿತ್ತು.

ಇಂಥವರನ್ನು ಹುಡುಕಲು ನಾವು ಸಮುದ್ರ ದಾಟಬೇಕಾಗಿಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ದೀರ್ಘಕಾಲ ತೆಲುಗು ಸಾಹಿತ್ಯವನ್ನು ಬೋಧಿಸಿದ ರಾಳ್ಳಪಲ್ಲಿ ಅನಂತಕೃಷ್ಣ ಶರ್ಮರು ಸಂಗೀತದಲ್ಲಿಯೂ ವಿದ್ವಾಂಸರು. ೧೯೭೪ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದನ್ನಿತ್ತಿತು. ನಿವೃತ್ತರಾದ ಮೇಲೆ ಅವರು ತಿರುಪತಿಗೆ ಹೋಗಿ ಕೈಗೊಂಡ ಕೆಲಸವನ್ನು ನೆನೆಯಬೇಕು. ತಾಳ್ಳಪಾಕ ಅನ್ನಮಾಚಾರ್ಯರ ಪದಗಳು ತಾಮ್ರದ ಹಲಗೆಗಳ ಮೇಲೆ ಉಳಿದಿದ್ದವು. ಪದದ ಮೇಲೆ ರಾಗದ ಹೆಸರು ಇದೆ. ಹಾಡುವ ಬಗೆಯನ್ನು ತಿಳಿಸುವ ಸ್ವರಲಿಪಿ ಇಲ್ಲ. ಭಾಷಾಪಂಡಿತನು ಪಾಠವನ್ನು ಶುದ್ಧಮಾಡಿ ಅಲ್ಲಿಗೆ ನಿಲ್ಲಬಹುದಾಗಿತ್ತು. ಬರಿಯ ಗಾಯಕನು ತನಗೆ ತೋಚಿದ ಮಟ್ಟನ್ನು ಹಾಕಿಬಿಡಬಹುದಾಗಿತ್ತು. ಹದಿನೈದನೆಯ ಶತಮಾನದ ತೆಲುಗಿನ ನುಡಿಗಟ್ಟನ್ನು ಅರಿತು, ಪದದ ಭಾವ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ತಿಳಿದು, ಆ ರಾಗದಲ್ಲಿಯೇ ಅದಕ್ಕೆ ಧಾತುವನ್ನು ಕಲ್ಪಿಸಿ ಸ್ವರಪಡಿಸುವುದಕ್ಕೆ ಎರಡೂ ತಿಳಿದ ಒಬ್ಬರು ಬೇಕಾಗಿತ್ತು. ಹಾಡುವವರಿಲ್ಲದೆ ಲೋಹದಲ್ಲಿ ಮಲಗಿದ್ದ ಎಷ್ಟೋ ಪದಗಳು ಅವರಿಂದ ಮತ್ತೆ ಕಂಠಕ್ಕೆ ಬಂದವು.

೨೦೨೪ರಲ್ಲಿ ನಮ್ಮನ್ನು ಅಗಲಿದ ರಾಜೀವ ತಾರಾನಾಥರು ಇನ್ನೊಂದು ಬಗೆಯ ನಿದರ್ಶನ. ಇಂಗ್ಲಿಷ್ ಸಾಹಿತ್ಯದಲ್ಲಿ ಡಾಕ್ಟರೇಟ್ ಪಡೆದು ಅಧ್ಯಾಪಕರಾಗಿದ್ದವರು. ನವ್ಯ ಕನ್ನಡ ಸಾಹಿತ್ಯದ ಮೇಲೆ ತೀಕ್ಷ್ಣವಾದ ವಿಮರ್ಶೆಯನ್ನು ಬರೆದವರು. ಅಲಿ ಅಕ್ಬರ್ ಖಾನರ ಶಿಷ್ಯರಾಗಿ ಸರೋದನ್ನು ಹಿಡಿದು, ಮುಂದೆ ಅಧ್ಯಾಪನವನ್ನೇ ಬಿಟ್ಟು ಅದಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. ೧೯೭೦ರ 'ಸಂಸ್ಕಾರ' ಚಿತ್ರದ ಸಂಗೀತ ಅವರದು. ಅವರ ಬಾಳಿನಿಂದ ಕಲಿಯಬೇಕಾದ ಕಠಿಣವಾದ ಪಾಠವೊಂದಿದೆ. ಎರಡನ್ನು ಪ್ರೀತಿಸಿದವನಿಗೂ ಒಂದು ದಿನ ದಿನದ ಬಹುಭಾಗವನ್ನು ಯಾವುದಕ್ಕೆ ಕೊಡಬೇಕೆಂದು ಆರಿಸಿಕೊಳ್ಳುವ ಗಳಿಗೆ ಬರುತ್ತದೆ. ಯಾವ ಪದವಿಯ ಏರ್ಪಾಡೂ ಅದನ್ನು ತಪ್ಪಿಸಲಾರದು.

ಇವರಾರೂ ಜೋಡಿ ಪದವಿ ಪಡೆದವರಲ್ಲವಲ್ಲ ಎಂದು ವಾಚಕರು ಕೇಳಬಹುದು. ನಿಜ. ಅಸಾಧಾರಣರು ದಾರಿಯಿಲ್ಲದ ಕಡೆಯಲ್ಲೂ ನಡೆದುಹೋಗುತ್ತಾರೆ. ಸಾಧಾರಣ ಶಕ್ತಿಯ, ಆದರೆ ನಿಜವಾದ ಆಸಕ್ತಿಯ ವಿದ್ಯಾರ್ಥಿಗೆ ದಾರಿ ಮಾಡಿಕೊಡುವುದಕ್ಕಾಗಿಯೇ ಅಲ್ಲವೆ ವಿದ್ಯಾಸಂಸ್ಥೆಗಳಿರುವುದು? ಹೀಗಾಗಿ ಆ ದಾರಿಯ ನಕ್ಷೆ ಮುಖ್ಯ.

ಅಂಥ ನಕ್ಷೆಯೊಂದು ನಮ್ಮಲ್ಲಿ ಹದಿಮೂರನೆಯ ಶತಮಾನದಲ್ಲಿಯೇ ಇತ್ತು. ದೇವಗಿರಿಯ ಯಾದವರಾಜ ಸಿಂಘಣನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 'ಸಂಗೀತ ರತ್ನಾಕರ'ದ ಪ್ರಕೀರ್ಣಕಾಧ್ಯಾಯದ ಮೊದಲಲ್ಲಿ ವಾಗ್ಗೇಯಕಾರನ ಲಕ್ಷಣವನ್ನು ಹೇಳಿದ್ದಾನೆ. ಸಾಹಿತ್ಯಭಾಗಕ್ಕೆ 'ಮಾತು' ಎಂದೂ ಗೇಯಭಾಗಕ್ಕೆ 'ಧಾತು' ಎಂದೂ ಅವನಲ್ಲಿ ಹೆಸರು. ಕನ್ನಡಿಗನ ಕಿವಿಗೆ ಮೊದಲನೆಯದು ಮನೆಯ ಮಾತಿನಂತೆಯೇ ಕೇಳುತ್ತದೆ. ಎರಡನ್ನೂ ರಚಿಸುವವನು ವಾಗ್ಗೇಯಕಾರ. ಅವನಿಗೆ ಏನೇನು ತಿಳಿದಿರಬೇಕು? ವ್ಯಾಕರಣ, ನಿಘಂಟು, ಛಂದಸ್ಸಿನ ಭೇದಗಳು, ಅಲಂಕಾರ, ರಸಭಾವಗಳು, ದೇಶಗಳ ಸ್ಥಿತಿ, ಹಲವು ಭಾಷೆಗಳು, ಕಲಾಶಾಸ್ತ್ರಗಳು, ಗೀತ ವಾದ್ಯ ನೃತ್ಯಗಳು, ಲಯ, ತಾಳ, ಇವುಗಳ ಜೊತೆಗೆ ಒಳ್ಳೆಯ ಕಂಠವೂ ಇರಬೇಕು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ಮಾನವಿಕ ಶಾಸ್ತ್ರಗಳ ಒಂದು ವಿಭಾಗ ಮತ್ತು ಸಂಗೀತದ ಒಂದು ವಿಭಾಗ ಒಂದೇ ಪಟ್ಟಿಯಲ್ಲಿ ಸೇರಿವೆ. ಬೊಯೆಥಿಯಸ್ ನುಡಿಸುವವನನ್ನು ಕೆಳಗಿಟ್ಟನು. ಶಾರ್ಙ್ಗದೇವನು ಹಾಡುವ ಕಂಠವನ್ನೂ ವ್ಯಾಕರಣವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದನು.

ಅವನು ಶ್ರೇಣಿಯನ್ನೂ ಹೇಳಿದ್ದಾನೆ. ಎರಡರಲ್ಲಿಯೂ ಸಮರ್ಥನಾದವನು ಉತ್ತಮ. ಧಾತು ಚೆನ್ನಾಗಿದ್ದು ಮಾತು ಮಂದವಾದರೆ ಮಧ್ಯಮ. ಮಾತು ರಮ್ಯವಾಗಿದ್ದು ಧಾತು ಮಂದವಾದರೆ ಅಧಮ. ಸಾಹಿತ್ಯದ ಕಡೆಯವರಾದ ನಮಗೆ ಇದು ಸ್ವಲ್ಪ ಕಹಿ. ಆದರೆ ಪ್ರಸ್ತುತದ ಸಂಗತಿ ಬೇರೆ. ಮಾತು, ಧಾತುಗಳಿಗೆ ಬೇರೆ ಬೇರೆ ಪರೀಕ್ಷೆಯಿಟ್ಟು ಅಂಕ ಕೂಡಿಸಬೇಕೆಂದು ಅವನು ಹೇಳಲಿಲ್ಲ. ಅವನು ತೂಗುವುದು ಇವೆರಡೂ ಸೇರಿ ಆದ ಒಂದು ಕೃತಿಯನ್ನು.

ಈಗ ನಮ್ಮ ತರಗತಿಗಳಿಗೆ ಬರೋಣ. ಕನ್ನಡ ತರಗತಿಯಲ್ಲಿ ಕುಮಾರವ್ಯಾಸನ ಭಾಮಿನೀ ಷಟ್ಪದಿಯನ್ನು ಹಲಗೆಯ ಮೇಲೆ ಬರೆದು ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರಾಗಣ ವಿಂಗಡಿಸುತ್ತೇವೆ. ಸಂಗೀತದ ತರಗತಿಯಲ್ಲಿ ಮಿಶ್ರಛಾಪು ತಾಳವನ್ನು ಮೂರು, ನಾಲ್ಕು, ಒಟ್ಟು ಏಳು ಎಂದು ಕೈಯಲ್ಲಿ ಹಾಕುತ್ತಾರೆ. ಏಳು ಒಂದೇ, ಕನ್ನಡದ ಹುಡುಗನಿಗೆ ಅದು ಕಾಗದದ ಮೇಲಿನ ಗೆರೆ, ಸಂಗೀತದ ಹುಡುಗಿಗೆ ಅಂಗೈಯ ಪೆಟ್ಟು. ವಾರ್ಧಕ ಷಟ್ಪದಿಯ ಐದು ಮಾತ್ರೆಗೂ ಖಂಡಛಾಪುವಿನ ಐದಕ್ಕೂ ಇದೇ ಮಾತು ಸಲ್ಲುತ್ತದೆ. ಸೇಡಿಯಾಪು ಕೃಷ್ಣಭಟ್ಟರಂಥವರು ಛಂದಸ್ಸನ್ನು ಗತಿಯ ಕಡೆಯಿಂದ ನೋಡಿ ಹೊಸ ದಾರಿ ತೋರಿದ ಮೇಲೆಯೂ ನಮ್ಮಲ್ಲಿ ಪ್ರಸ್ತಾರವೆಂದರೆ ಪರೀಕ್ಷೆಯ ಐದು ಅಂಕ, ತಾಳವೆಂದರೆ ಪಕ್ಕದ ಕಟ್ಟಡದ ಸದ್ದು.

ಇದರಿಂದಾಗುವ ನಷ್ಟ ಎರಡು ಕಡೆಯದು. ಹಾಡುವವರಿಗೆ ಪದಚ್ಛೇದದ ಪರಿವೆ ತಪ್ಪುತ್ತದೆ. ಉದಾಹರಣೆಗೆ 'ಮನವಿಲ್ಲದೆ' ಎಂಬ ಪದ ಬಂತೆನ್ನಿ. ಮನಸ್ಸು ಇಲ್ಲದೆ ಎಂದು ಅರ್ಥ. ತಾಳದ ಎಡೆಯಲ್ಲಿ 'ಮನವಿ' ಎಂದು ನಿಲ್ಲಿಸಿ, ಒಂದು ಸಂಗತಿ ಹಾಕಿ, ಆಮೇಲೆ 'ಇಲ್ಲದೆ' ಎಂದರೆ ಭಕ್ತನ ಮನಸ್ಸಿನ ಮಾತು ಹೋಗಿ ಕಚೇರಿಯ ಅರ್ಜಿಯ ಮಾತಾಗುತ್ತದೆ. ಇಂಥ ಪ್ರಮಾದಗಳನ್ನು ನಮ್ಮ ವೇದಿಕೆಗಳಲ್ಲಿ ಕೇಳದ ರಸಿಕರು ಕಡಮೆ. ಇತ್ತ ಸಾಹಿತ್ಯದವರಿಗೆ ಕಿವಿ ತಪ್ಪುತ್ತದೆ. ಹಾಡಲೆಂದೇ ಹುಟ್ಟಿದ ದಾಸರ ಪದಗಳನ್ನು ಕಣ್ಣಿನಿಂದ ಓದಿ, ಪಲ್ಲವಿ ಮರುಕಳಿಸುವುದನ್ನು ಬರಿಯ ಪುನರುಕ್ತಿಯೆಂದು ಬಗೆದು, ಭಾವಾರ್ಥ ಬರೆದು ಮುಗಿಸುತ್ತೇವೆ. ಪ್ರತಿಯೊಂದು ಚರಣದ ಅನಂತರ ಅದೇ ಪಲ್ಲವಿಗೆ ಬೇರೆ ಬಣ್ಣ ಬರುತ್ತದೆ ಎಂಬುದು ಹಾಡಿದವನಿಗೆ ಗೊತ್ತು, ವಿಮರ್ಶೆಗೆ ಗೊತ್ತಿಲ್ಲ. ಪುರಂದರದಾಸರ ಪದಗಳ ಮೂಲದ ಮಟ್ಟುಗಳು ಬಹುಮಟ್ಟಿಗೆ ನಮಗೆ ಉಳಿದಿಲ್ಲ. ಇಂದು ಕೇಳುವ ಮಟ್ಟುಗಳಲ್ಲಿ ಹೆಚ್ಚಿನವು ಈಚಿನವು. ಛಂದಸ್ಸಿನ ಒಳಗಿಂದ ಹಳೆಯ ನಡೆಯ ಸುಳಿವು ಎಷ್ಟು ಸಿಕ್ಕೀತು ಎಂದು ಹುಡುಕಲು ಎರಡನ್ನೂ ಬಲ್ಲವರು ಬೇಕು. ಅಂಥವರನ್ನು ತಯಾರಿಸುವ ಮನೆ ಎಲ್ಲಿದೆ?

ಜೋಡಿ ಪದವಿಯ ಮೇಲೆ ಹೂಡುವ ಆಕ್ಷೇಪಗಳನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಎರಡು ದೋಣಿಯ ಮೇಲೆ ಕಾಲಿಟ್ಟವನ ಗತಿ ಎಲ್ಲರಿಗೂ ಗೊತ್ತು. ಸಂಗೀತಕ್ಕೆ ಬೆಳಗಿನ ಸಾಧನೆ ಬೇಕು. ದಿನಕ್ಕೆ ಎರಡು ಮೂರು ಗಂಟೆಯಾದರೂ ತಂಬೂರಿಯ ಮುಂದೆ ಕೂರದ ಕಂಠ ಯಾವ ಪದವಿಯಿಂದಲೂ ಪಳಗುವುದಿಲ್ಲ. ಸಾಹಿತ್ಯಕ್ಕೂ ಇತಿಹಾಸಕ್ಕೂ ಗುರಿಯಿಲ್ಲದೆ ಅಲೆದು ಓದುವ ಬಿಡುವು ಬೇಕು. ಎರಡು ಹಾಜರಿ ಪುಸ್ತಕಗಳ ನಡುವೆ ಓಡಾಡುವ ವಿದ್ಯಾರ್ಥಿಗೆ ಎರಡೂ ತಪ್ಪುವ ಸಂಭವ ಇದ್ದೇ ಇದೆ. ಇದಕ್ಕಿಂತ ದೊಡ್ಡ ಅಪಾಯ ಪರೀಕ್ಷೆಯದು. ಸಂಗೀತದ ಶಾಸ್ತ್ರಪತ್ರಿಕೆಗೆ ರಾಗಲಕ್ಷಣಗಳನ್ನು ಬಾಯಿಪಾಠ ಮಾಡುತ್ತಾರೆ. ಸಾಹಿತ್ಯದ ಪತ್ರಿಕೆಗೆ ಟಿಪ್ಪಣಿಗಳನ್ನು. ಎರಡು ಕಡೆಯ ಬಾಯಿಪಾಠ ಸೇರಿದರೆ ಇಮ್ಮಡಿ ಬಾಯಿಪಾಠವಾಗುವುದೇ ಹೊರತು ಒಂದು ವಿದ್ಯೆಯಾಗುವುದಿಲ್ಲ.

ಆದ್ದರಿಂದ ಈ ಲೇಖಕನ ಅಭಿಪ್ರಾಯವಿಷ್ಟು. ಜೋಡಿ ಪದವಿ ಬರಲಿ. ಆದರೆ ಮೂರು ಕಟ್ಟಳೆಗಳೊಡನೆ ಬರಲಿ. ಮೊದಲನೆಯದು, ಓಬರ್ಲಿನ್ನಿನವರು ಮಾಡಿದಂತೆ ಹೆಚ್ಚಿನ ಕಾಲವನ್ನು ಮುಚ್ಚುಮರೆಯಿಲ್ಲದೆ ಕೊಡಬೇಕು. ಎರಡನೆಯದು, ವರ್ಷಕ್ಕೊಂದಾದರೂ ಪತ್ರಿಕೆಯನ್ನು ಎರಡು ವಿಭಾಗದ ಅಧ್ಯಾಪಕರು ಒಂದೇ ಕೋಣೆಯಲ್ಲಿ ಕೂಡಿ ಪಾಠ ಹೇಳಬೇಕು. ಷಟ್ಪದಿ ಮತ್ತು ತಾಳ, ಪದ ಮತ್ತು ಮಟ್ಟು, ಆಸ್ಥಾನಗಳ ಇತಿಹಾಸ ಮತ್ತು ಅಲ್ಲಿ ಬೆಳೆದ ಬಾನಿಗಳು, ಹೀಗೆ ವಸ್ತುವಿಗೇನೂ ಕೊರತೆಯಿಲ್ಲ. ಮೂರನೆಯದು, ಕೊನೆಯ ವರ್ಷದಲ್ಲಿ ವಿದ್ಯಾರ್ಥಿ ಒಂದು ಕೆಲಸವನ್ನು ಮಾಡಿ ತೋರಿಸಬೇಕು. ಅದನ್ನು ಬರೆಯಲೂ ಬೇಕು, ಹಾಡಲೂ ಬೇಕು. ಎರಡು ವಿಭಾಗದವರೂ ಒಟ್ಟಿಗೆ ಕುಳಿತು ಅದರ ಬೆಲೆ ಕಟ್ಟಬೇಕು. ಇಷ್ಟಕ್ಕೆ ಹೊಸ ಕಟ್ಟಡ ಬೇಡ. ಸಂಗೀತದವರು ಸಾಹಿತ್ಯದವರನ್ನು ಕಿವುಡರೆಂದೂ ಸಾಹಿತ್ಯದವರು ಸಂಗೀತದವರನ್ನು ಅನಕ್ಷರಸ್ಥರೆಂದೂ ಒಳಗೊಳಗೇ ಭಾವಿಸುವ ಹಳೆಯ ಅಭ್ಯಾಸವನ್ನು ಬಿಟ್ಟರೆ ಸಾಕು.

ಆ ಹುಡುಗಿಯ ವಿಚಾರ ಹೇಳಿ ಮುಗಿಸುತ್ತೇನೆ. ಸಲಹೆ ಕೊಡಲಾರದೆ ಅವಳಿಗೆ ಒಂದು ಕೆಲಸ ಕೊಟ್ಟು ಕಳುಹಿಸಿದ್ದೆ. ಗಮಕಿಗಳು ಸಾಮಾನ್ಯವಾಗಿ ತಾಳವಿಲ್ಲದೆ ವಾಚಿಸುವ ಭಾರತದ ಒಂದು ಭಾಮಿನಿಯನ್ನು ತೆಗೆದುಕೊಂಡು, ಪ್ರಸ್ತಾರ ಹಾಕಿ, ಮಿಶ್ರಛಾಪುವಿನಲ್ಲಿ ಕೂರಿಸಿ, ಎಲ್ಲಿ ಒಪ್ಪುತ್ತದೆ, ಎಲ್ಲಿ ಒಪ್ಪುವುದಿಲ್ಲ ಎಂದು ನೋಡಿಕೊಂಡು ಬಾ ಎಂದೆ. ವಾರದ ಮೇಲೆ ಒಬ್ಬಳೇ ಬಂದಳು. ಮೊದಲೆರಡು ಸಾಲು ಸಲೀಸಾಗಿ ಕೂತವು, ಮೂರನೆಯ ಸಾಲಿನ ಕೊನೆಯಲ್ಲಿ ತೊಡಕಾಯಿತು ಎಂದಳು. "ಮೂರು ಏಳು ಮುಗಿದ ಮೇಲೆ ಒಂದು ಗುರು ಉಳಿಯುತ್ತೆ ಸಾರ್. ಪುಸ್ತಕದಲ್ಲಿ ಅದಕ್ಕೆ ಎರಡೇ ಮಾತ್ರೆ. ಆದರೆ ತಾಳ ಸುತ್ತಿಕೊಂಡು ಬರೋದಕ್ಕೆ ಇನ್ನೂ ಐದು ಬೇಕು. ಹಾಡುವಾಗ ಆ ಒಂದು ಅಕ್ಷರವನ್ನೇ ಏಳಕ್ಕೂ ಎಳೆದೆ. ಹಾಗೆ ಎಳೆದಾಗ ಅಲ್ಲಿ ಕಥೆ ಒಂದು ಗಳಿಗೆ ನಿಂತು ನೋಡಿದ ಹಾಗಿತ್ತು." ನಾನು ಮೂವತ್ತು ವರ್ಷ ಅದೇ ಷಟ್ಪದಿಯ ಲಕ್ಷಣವನ್ನು ಹಲಗೆಯ ಮೇಲೆ ಬರೆದವನು, ಆ ಕೊನೆಯ ಗುರುವಿನ ಮೇಲೆ ಒಂದು ಗೆರೆ ಎಳೆದು ಮುಂದಕ್ಕೆ ಹೋದವನು. ಎರಡಕ್ಕೂ ಅರ್ಜಿ ಹಾಕು ಎಂದು ಹೇಳಿದೆ. ಬಾಗಿಲ ತನಕ ಹೋದವಳು ತಿರುಗಿ ನಿಂತು ಕೇಳಿದಳು: "ಸಾರ್, ಇದನ್ನ ಯಾವ ಕ್ಲಾಸಿನಲ್ಲಿ ಹೇಳಲಿ?"

ನಮ್ಮ ವಿಶ್ವವಿದ್ಯಾನಿಲಯಗಳು ಉತ್ತರ ಕೊಡಬೇಕಾದುದು ಈ ಪ್ರಶ್ನೆಗೆ.